ನೋವು ಇಳಿಯಿತು, ನಾಡಿ ಇಳಿಯಲಿಲ್ಲ: ಮೂತ್ರಪಿಂಡದ ಕಲ್ಲಿನ ಒಂದು ಪ್ರಕರಣ

ಬೇಸಿಗೆ ಬಂತೆಂದರೆ ಕೋಲಾರದ ಆಸ್ಪತ್ರೆಗಳ ರಾತ್ರಿ ಪಾಳಿಯಲ್ಲಿ ಪಕ್ಕೆ ಹಿಡಿದುಕೊಂಡು ಬರುವವರ ಸಂಖ್ಯೆ ಏರುತ್ತದೆ. ಬಿಸಿಲಿನಲ್ಲಿ ಬೆವರು ಹೋಗುವಷ್ಟು ನೀರು ಒಳಗೆ ಹೋಗುವುದಿಲ್ಲ, ಮೂತ್ರ ಗಟ್ಟಿಯಾಗುತ್ತದೆ, ಅದರಲ್ಲಿ ಕರಗಿರುವ ಲವಣಗಳು ಹರಳುಗಟ್ಟುತ್ತವೆ. ಬಂದವರಲ್ಲಿ ಹೆಚ್ಚಿನವರದು ಒಂದೇ ದಾರಿ: ಸೂಜಿ, ನೋವಿನ ಶಮನ, ಬೆಳಿಗ್ಗೆ ಸ್ಕ್ಯಾನ್, ಮಾತ್ರೆ ಬರೆಸಿಕೊಂಡು ಮನೆ. ಇಲ್ಲಿ ಬರೆಯುತ್ತಿರುವ ಪ್ರಕರಣವೂ ಹಾಗೆಯೇ ಶುರುವಾಯಿತು, ಆದರೆ ನಡುರಾತ್ರಿ ಕಳೆದ ಮೇಲೆ ದಾರಿ ಬದಲಿಸಿತು. ನೋವು ತಗ್ಗಿಸುವುದು ನಮ್ಮ ಕೆಲಸದ ಅರ್ಧ. ತಗ್ಗಿದ ಮೇಲೆ ರೋಗಿಯನ್ನು ಮತ್ತೆ ನೋಡುವುದು ಉಳಿದರ್ಧ ಎಂಬುದನ್ನು ಕಿರಿಯ ದಾದಿಯರಿಗೆ ಹೇಳುವಾಗ ನಾನು ಈ ಪ್ರಕರಣವನ್ನೇ ಎತ್ತಿಕೊಳ್ಳುತ್ತೇನೆ. ಗುರುತು ಸಿಗದಂತೆ ರೋಗಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದಾಗಿನ ಸ್ಥಿತಿ

ರೋಗಿ 42 ವರ್ಷದ ಮಹಿಳೆ, ಮುಳಬಾಗಿಲು ಕಡೆಯ ಹಳ್ಳಿಯವರು. ಟೊಮ್ಯಾಟೊ ಬೆಳೆಯುವ ಕುಟುಂಬ, ಮನೆಯಲ್ಲಿ ಎರಡು ಸೀಮೆಹಸು. ಐದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ನೆನಪಾದಾಗ ನುಂಗುತ್ತಾರೆ. ಏಪ್ರಿಲ್ ತಿಂಗಳ ಒಂದು ರಾತ್ರಿ 11:40ಕ್ಕೆ ಗಂಡ ಮತ್ತು ಮೈದುನ ಅವರನ್ನು ಆಟೋದಲ್ಲಿ ಕರೆತಂದರು. ಸಂಜೆ ಹಾಲು ಕರೆಯುವ ಹೊತ್ತಿಗೆ ಎಡ ಪಕ್ಕೆಯಲ್ಲಿ ನೋವು ಕಾಣಿಸಿಕೊಂಡು, ರಾತ್ರಿಯ ಹೊತ್ತಿಗೆ ಕಿಬ್ಬೊಟ್ಟೆಗೂ ತೊಡೆಸಂದಿಗೂ ಇಳಿದಿತ್ತು. ಎರಡು ಬಾರಿ ವಾಂತಿಯಾಗಿತ್ತು.

ಹಾಸಿಗೆ ಕೊಟ್ಟರೂ ಅವರು ಮಲಗಲಿಲ್ಲ. ಮುಷ್ಟಿಯಿಂದ ಪಕ್ಕೆಯನ್ನು ಒತ್ತಿ ಹಿಡಿದು ಎದ್ದು ಕುಳಿತರು, ಕೆಳಗಿಳಿದು ಗೋಡೆಗೆ ಒರಗಿದರು, ಮತ್ತೆ ಮಂಡಿಯೂರಿ ಹಾಸಿಗೆಯ ಅಂಚಿಗೆ ಹಣೆ ಇಟ್ಟರು. ಪಾಳಿಯಲ್ಲಿದ್ದ ಶುಶ್ರೂಷಾಧಿಕಾರಿ ಅವರನ್ನು ಬಲವಂತವಾಗಿ ಮಲಗಿಸಲಿಲ್ಲ. ಹಾಗೆ ನೋಡಿದರೆ ಆ ಚಡಪಡಿಕೆಯೇ ಪರೀಕ್ಷೆಯ ಮೊದಲ ಫಲಿತಾಂಶ. ಹೊಟ್ಟೆಯ ಒಳಪೊರೆಗೆ ಉರಿಯೂತ ಬಂದವರು ಅಲುಗಾಡಿದರೆ ನೋವು ಹೆಚ್ಚುತ್ತದೆಂದು ಕದಲದೆ ಮಲಗಿರುತ್ತಾರೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ ಯಾವ ಭಂಗಿಯಲ್ಲೂ ನೆಮ್ಮದಿ ಸಿಗುವುದಿಲ್ಲ. ಇದೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ, ಆದರೆ ಮುಂದೆ ಏನು ಕೇಳಬೇಕು ಎಂಬುದು ತಿಳಿಯುತ್ತದೆ.

ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹೇಳಿ ಎಂದು ಕೇಳಿದಾಗ ಅವರು ತಲೆ ಅಲ್ಲಾಡಿಸಿದರು. ‘ತಡೆಯಲು ಆಗುತ್ತಿಲ್ಲ ಸಿಸ್ಟರ್’ ಎಂಬುದಷ್ಟೇ ಉತ್ತರ. ನೋವಿನಲ್ಲಿ ಒದ್ದಾಡುತ್ತಿರುವವರಿಗೆ ಅಂಕಿ ಹೊಳೆಯುವುದಿಲ್ಲ. ಮನೆಮಾತು ತೆಲುಗು ಎಂದು ತಿಳಿದ ಮೇಲೆ ನಮ್ಮವರು ತೆಲುಗಿನಲ್ಲೇ ಮಾತು ಮುಂದುವರಿಸಿದರು. ಕೋಲಾರದಲ್ಲಿ ಎರಡೂ ಭಾಷೆ ಬಲ್ಲ ದಾದಿ ಪಾಳಿಯಲ್ಲಿದ್ದರೆ ಅರ್ಧ ಕೆಲಸ ಹಗುರ. ‘ಎಷ್ಟು ಹೆರಿಗೆ ಆಗಿದೆ ಅಕ್ಕ?’ ಎಂದು ಕೇಳಿದರು. ಎರಡು. ‘ಹೆರಿಗೆ ಬೇನೆಯನ್ನು ಹತ್ತು ಎಂದುಕೊಳ್ಳಿ, ಇದು ಎಷ್ಟು?’ ಆಕೆ ಒಂದು ಕ್ಷಣ ಯೋಚಿಸಿ, ‘ಅದು ಬಿಟ್ಟು ಬಿಟ್ಟು ಬರುತ್ತಿತ್ತು. ಇದು ಪೂರ್ತಿ ಬಿಡುವುದೇ ಇಲ್ಲ. ಒಂಬತ್ತು ಹಾಕಿಕೊಳ್ಳಿ’ ಎಂದರು. ಒಂಬತ್ತು ಎಂದು ಬರೆದುಕೊಂಡದ್ದಷ್ಟೇ ಅಲ್ಲ, ಅವರು ಹೇಳಿದ ಮಾತನ್ನೂ ಪಕ್ಕದಲ್ಲಿ ಬರೆದುಕೊಂಡರು. ಕಲ್ಲಿನ ನೋವು ಅಲೆಯಂತೆ ಏರಿ ಇಳಿದರೂ ನಡುನಡುವೆ ಪೂರ್ತಿ ಹೋಗದೆ ಒಳಗೆ ಉಳಿದಿರುತ್ತದೆ. ಆ ಒಂದು ವಾಕ್ಯದಲ್ಲಿ ಅದೆಲ್ಲವೂ ಇತ್ತು.

ನಾಡಿ ನಿಮಿಷಕ್ಕೆ 112, ರಕ್ತದೊತ್ತಡ 148/92, ಉಸಿರು 24, ಆಮ್ಲಜನಕ ಶೇ 98, ಮೈ ಶಾಖ 99 ಡಿಗ್ರಿ ಫ್ಯಾರನ್‌ಹೀಟ್. ರಕ್ತದ ಸಕ್ಕರೆ 214. ನಾಲಿಗೆ ಒಣಗಿತ್ತು. ಎಡ ಪಕ್ಕೆಲುಬಿನ ಕೆಳಗೆ ಬೆನ್ನಿನ ಕಡೆ ಮೆಲ್ಲಗೆ ತಟ್ಟಿದಾಗ ನೋವು, ಹೊಟ್ಟೆ ಮೃದುವಾಗಿತ್ತು. ಮುಟ್ಟು ಯಾವಾಗ ಆಯಿತು ಎಂದು ಕೇಳಿ, ಮೂತ್ರದಲ್ಲಿ ಗರ್ಭಧಾರಣೆಯ ಪರೀಕ್ಷೆ ಮಾಡಿದರು. ಇಲ್ಲ ಎಂದು ಬಂತು. ಹೆರುವ ವಯಸ್ಸಿನ ಹೆಂಗಸರಲ್ಲಿ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಗರ್ಭನಾಳದಲ್ಲಿ ನಿಂತ ಗರ್ಭ ಒಡೆದರೂ ಕಿಬ್ಬೊಟ್ಟೆಯಲ್ಲಿ ಇಂಥದೇ ನೋವು ಬರಬಹುದು, ಮೇಲಾಗಿ ಗರ್ಭ ಇದ್ದರೆ ನೋವಿನ ಔಷಧದ ಆಯ್ಕೆಯೇ ಬದಲಾಗುತ್ತದೆ. ಅರವತ್ತು ದಾಟಿದ ಗಂಡಸರು ಮೊದಲ ಬಾರಿಗೆ ಇಂಥ ಪಕ್ಕೆ ನೋವಿನಿಂದ ಬಂದಾಗ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಉಬ್ಬು ಒಡೆದಿರಬಹುದೇ ಎಂದು ಯೋಚಿಸುವಂತೆ, ಇದೂ ರೂಢಿಯಾಗಬೇಕು.

ಮೂತ್ರ 60 ಮಿಲಿಲೀಟರ್ ಮಾತ್ರ ಬಂತು, ಕಡು ಚಹಾ ಬಣ್ಣ. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದಾಗ ರಕ್ತವೂ ಬಿಳಿ ರಕ್ತಕಣವೂ ಇದ್ದವು. ರಕ್ತ ಇದ್ದರೆ ಕಲ್ಲಿನ ಅನುಮಾನಕ್ಕೆ ಬಲ ಬರುತ್ತದೆ, ಇಲ್ಲದಿದ್ದರೆ ಕಲ್ಲು ಇಲ್ಲ ಎನ್ನಲಾಗದು. ಬಿಳಿ ರಕ್ತಕಣದ ಮಾತು ಬೇರೆ. ಸಕ್ಕರೆ ಕಾಯಿಲೆ ಇರುವವರ ಮೂತ್ರದಲ್ಲಿ ಅದು ಕಂಡರೆ ಸೋಂಕನ್ನು ನೆನಪಿನಲ್ಲಿ ಇಟ್ಟುಕೊಂಡೇ ಮುಂದುವರಿಯಬೇಕು. ‘ಬಿಳಿ ರಕ್ತಕಣ ಇದೆ, ಜ್ವರ ಗಮನಿಸಬೇಕು’ ಎಂದು ಅವರು ಆಗಲೇ ಬರೆದಿಟ್ಟರು.

ಹಳ್ಳಿಯಲ್ಲಿ ಹಾಕಿಸಿಕೊಂಡ ಸೂಜಿ

ಮೂತ್ರನಾಳದ ಕಲ್ಲಿನ ನೋವಿಗೆ ಮೊದಲ ಆಯ್ಕೆ ಉರಿಯೂತ ತಗ್ಗಿಸುವ ನೋವುನಿವಾರಕ. ನಮ್ಮಲ್ಲಿ ಸಾಮಾನ್ಯವಾಗಿ ಡೈಕ್ಲೋಫಿನಾಕ್ 75 ಮಿಲಿಗ್ರಾಂ ಸ್ನಾಯುವಿಗೆ ಕೊಡುತ್ತಾರೆ. ಇದಕ್ಕೆ ಸರಿಯಾದ ಕಾರಣ ಇದೆ. ಕಲ್ಲು ಗೀರಿದ್ದರಿಂದ ನೋವು ಎಂದು ಜನ ತಿಳಿದಿರುತ್ತಾರೆ, ಆದರೆ ನೋವಿನ ಮೂಲ ಮುಖ್ಯವಾಗಿ ಒತ್ತಡ. ಕಲ್ಲು ದಾರಿ ಕಟ್ಟಿದಾಗ ಹಿಂದೆ ಮೂತ್ರ ನಿಂತು ಮೂತ್ರಪಿಂಡ ಉಬ್ಬುತ್ತದೆ. ಆಗ ಬಿಡುಗಡೆಯಾಗುವ, ದೇಹವೇ ತಯಾರಿಸುವ ರಾಸಾಯನಿಕಗಳಾದ ಪ್ರೊಸ್ಟಾಗ್ಲಾಂಡಿನ್‌ಗಳು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಹೆಚ್ಚಿಸಿ ಇನ್ನಷ್ಟು ಮೂತ್ರ ತಯಾರಾಗುವಂತೆ ಮಾಡುತ್ತವೆ, ಒತ್ತಡ ಮತ್ತೂ ಏರುತ್ತದೆ. ಡೈಕ್ಲೋಫಿನಾಕ್ ಈ ಸರಪಳಿಯನ್ನೇ ಕತ್ತರಿಸುತ್ತದೆ. ಆದ್ದರಿಂದ ಮಾರ್ಫಿನ್ ಜಾತಿಯ ಔಷಧಗಳಿಗಿಂತ ಇದನ್ನು ಮುಂದೆ ಇಡುತ್ತಾರೆ. ಇದರಿಂದ ವಾಂತಿಯೂ ಕಡಿಮೆ.

ಆದರೆ ಸೂಜಿ ಎತ್ತುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಇಲ್ಲಿಗೆ ಬರುವ ಮುಂಚೆ ಏನಾದರೂ ಹಾಕಿಸಿಕೊಂಡಿರಾ? ಗಂಡ ಮೊದಲು ಇಲ್ಲ ಎಂದರು. ‘ನೋಡಿ ಅಣ್ಣ, ಬೈಯುವುದಕ್ಕೆ ಕೇಳುತ್ತಿಲ್ಲ. ಮೊದಲು ಕೊಟ್ಟದ್ದು ತಿಳಿಯದೆ ನಾವು ಇನ್ನೊಂದು ಕೊಟ್ಟರೆ ಕಿಡ್ನಿಗೆ ಪೆಟ್ಟು’ ಎಂದಾಗ ಮೈದುನ ಬಾಯಿಬಿಟ್ಟರು. ರಾತ್ರಿ ಎಂಟರ ಸುಮಾರಿಗೆ ಊರಿನಲ್ಲೇ ಒಂದು ಸೂಜಿ ಹಾಕಿಸಿದ್ದರು. ಏನೆಂದು ಗೊತ್ತಿಲ್ಲ. ಫೋನ್ ಮಾಡಿಸಿ ಕೇಳಿದಾಗ ಡೈಕ್ಲೋಫಿನಾಕ್ 75 ಎಂದು ತಿಳಿಯಿತು.

ಈ ಉತ್ತರ ಚಿಕಿತ್ಸೆಯನ್ನೇ ಬದಲಿಸಿತು. ಡೈಕ್ಲೋಫಿನಾಕ್‌ನ ದಿನದ ಮಿತಿ 150 ಮಿಲಿಗ್ರಾಂ. ಲೆಕ್ಕದ ಪ್ರಕಾರ ಇನ್ನೊಂದು ಸೂಜಿಗೆ ಜಾಗವಿತ್ತು. ಆದರೆ ಸಕ್ಕರೆ ಕಾಯಿಲೆಯ, ವಾಂತಿಯಿಂದ ಒಣಗಿದ, ಮೂತ್ರ ಕಡಿಮೆ ಬರುತ್ತಿರುವ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಗ್ಗಿದರೆ ರಕ್ತದಲ್ಲಿ ಏರುವ ಅಂಶ) ಎಷ್ಟೆಂದು ಇನ್ನೂ ತಿಳಿಯದ ಮಹಿಳೆಗೆ ನಾಲ್ಕು ಗಂಟೆಯೊಳಗೆ ಮತ್ತೆ ಅದೇ ಔಷಧ ಕೊಡುವುದು ಮೂತ್ರಪಿಂಡದ ಮೇಲೆ ಮತ್ತೊಂದು ಹೊರೆ. ಕರ್ತವ್ಯದಲ್ಲಿದ್ದ ವೈದ್ಯರಿಗೆ ಇಷ್ಟನ್ನೂ ಒಂದೇ ಉಸಿರಿಗೆ ವರದಿ ಮಾಡಿದರು. ವೈದ್ಯರು ಪ್ಯಾರಾಸಿಟಮಾಲ್ 1 ಗ್ರಾಂ ಅನ್ನು ರಕ್ತನಾಳದ ಮೂಲಕ 15 ನಿಮಿಷದಲ್ಲಿ, ಆಮೇಲೆ ಟ್ರಾಮಡಾಲ್ 50 ಮಿಲಿಗ್ರಾಂ ನಿಧಾನವಾಗಿ, ವಾಂತಿಗೆ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಬರೆದರು. ಟ್ರಾಮಡಾಲ್‌ಗೆ ಮುಂಚೆ ಫಿಟ್ಸ್ ಬಂದದ್ದುಂಟೇ ಎಂದು ಕೇಳಿಕೊಂಡರು, ಏಕೆಂದರೆ ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಔಷಧ ಒಳಗೆ ಹೋಗುತ್ತಿದ್ದಂತೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಪಕ್ಕೆಗೆ ಇಟ್ಟರು. ಶಾಖ ಕೊಡುವುದು ಅಜ್ಜಿಯರ ಕಾಲದ ಉಪಾಯವೆಂದು ತಳ್ಳಿಹಾಕಬೇಕಿಲ್ಲ. ಈ ನೋವನ್ನು ಅದು ನಿಜವಾಗಿಯೂ ಸ್ವಲ್ಪ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಚರ್ಮ ಸುಟ್ಟರೂ ತಿಳಿಯದಿರಬಹುದು, ಆದ್ದರಿಂದ ಆಗಾಗ ಚರ್ಮ ನೋಡುತ್ತಿರಬೇಕು.

ಮೈದುನರಿಗೆ ಇಷ್ಟರಲ್ಲಿ ತೃಪ್ತಿಯಾಗಲಿಲ್ಲ. ‘ಗ್ಲೂಕೋಸ್ ಜೋರಾಗಿ ಬಿಡಿ ಸಿಸ್ಟರ್, ಕಲ್ಲು ಕೊಚ್ಚಿಕೊಂಡು ಹೋಗುತ್ತದೆ’ ಎಂದು ಒತ್ತಾಯಿಸಿದರು. ಈ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ದಾರಿ ಕಟ್ಟಿರುವಾಗ ಡ್ರಿಪ್ ಜೋರು ಮಾಡಿದರೆ ಕಲ್ಲು ಮುಂದೆ ಸರಿಯುವುದಿಲ್ಲ. ವಾಂತಿಯಿಂದ ಕಳೆದುಹೋದಷ್ಟನ್ನು ತುಂಬಿದರೆ ಸಾಕು. ಸಕ್ಕರೆ 214 ಇರುವಾಗ ಗ್ಲೂಕೋಸ್‌ನ ಮಾತೇ ಇಲ್ಲ. ಸಾಮಾನ್ಯ ಲವಣ ದ್ರಾವಣವನ್ನು ಹದವಾಗಿ ಬಿಟ್ಟರು.

ನಡುರಾತ್ರಿಯ ನಂತರ

12:40ಕ್ಕೆ ನೋವು ಐದು. 1:10ಕ್ಕೆ ಎರಡು. ಆಕೆ ಮೊದಲ ಬಾರಿಗೆ ಕಾಲು ಚಾಚಿ ಮಲಗಿದರು, ಕಣ್ಣಿಗೆ ಜೊಂಪು ಹತ್ತಿತು. ಉಸಿರು 16, ಕರೆದರೆ ಎಚ್ಚರಗೊಳ್ಳುತ್ತಿದ್ದರು. ಗಂಡ ಬಂದು, ‘ಆಟೋ ಇನ್ನೂ ಹೊರಗೆ ಇದೆ, ಕರೆದುಕೊಂಡು ಹೋಗುತ್ತೇವೆ, ಬೆಳಿಗ್ಗೆ ಸ್ಕ್ಯಾನಿಗೆ ಬರುತ್ತೇವೆ’ ಎಂದರು. ಹೊಲದಲ್ಲಿ ಕಾಯಿ ಕೀಳುವ ಕೆಲಸ ಬಾಕಿ ಇತ್ತು, ಬೆಳಗಾಗುವ ಮೊದಲೇ ಮಂಡಿಗೆ ಸರಕು ಹೋಗಬೇಕಿತ್ತು. ಅವರ ಅವಸರ ನ್ಯಾಯವಾದದ್ದೇ.

ಅನೇಕ ವಾರ್ಡ್‌ಗಳಲ್ಲಿ ಇಲ್ಲಿಗೆ ಕಡತ ಮುಚ್ಚುತ್ತದೆ. ಒಂಬತ್ತು ಎರಡಕ್ಕೆ ಇಳಿದಿದೆ, ರೋಗಿ ನಿದ್ದೆ ಹೋಗಿದ್ದಾರೆ, ಇನ್ನೇನು ಬೇಕು? ಆದರೆ ನಮ್ಮವರು ನೋವಿನ ಅಂಕದ ಜೊತೆ ನಾಡಿಯನ್ನೂ ನೋಡಿದರು. 108 ಇತ್ತು. ನೋವು ಒಂಬತ್ತು ಇದ್ದಾಗ ನಾಡಿ 112 ಇರುವುದಕ್ಕೆ ಅರ್ಥವಿದೆ. ನೋವು ಎರಡಕ್ಕೆ ಬಂದು, ಆಕೆ ಮಲಗಿರುವಾಗ, ಡ್ರಿಪ್ ಕೂಡ ಹೋಗುತ್ತಿರುವಾಗ ಅದು 108ರಲ್ಲೇ ನಿಂತಿದ್ದರೆ ಆ ಓಟಕ್ಕೆ ನೋವು ಕಾರಣವಲ್ಲ, ಬೇರೇನೋ ಇದೆ. ಮೈ ಶಾಖ 99.4. ಜ್ವರ ಎನ್ನುವಷ್ಟಿಲ್ಲ. ಆದರೆ ಎಂಟು ಗಂಟೆಗೆ ಡೈಕ್ಲೋಫಿನಾಕ್, ಹನ್ನೆರಡಕ್ಕೆ ಪ್ಯಾರಾಸಿಟಮಾಲ್ ದೇಹಕ್ಕೆ ಹೋಗಿದ್ದವು. ಎರಡೂ ಜ್ವರ ಇಳಿಸುವ ಔಷಧಗಳೇ. ಈ ಎರಡೂ ಒಳಗಿರುವಾಗ ಥರ್ಮಾಮೀಟರ್ ತೋರಿಸುವ 99.4ನ್ನು ನಂಬಿ ಕೂರುವಂತಿಲ್ಲ. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಹೊತ್ತಿನ ಈ ವಿವೇಚನೆಗೆ. ನೋವು ಶಮನಕ್ಕೆಂದು ನಾವೇ ಕೊಟ್ಟ ಔಷಧ ಸೋಂಕಿನ ಮುಖ್ಯ ಸುಳಿವನ್ನು ಮುಚ್ಚಿಡಬಲ್ಲದು; ಆಗ ನಾಡಿ, ಉಸಿರು ಮತ್ತು ರಕ್ತದೊತ್ತಡವೇ ನಮಗೆ ಆಧಾರ.

ಮನೆಗೆ ಕಳುಹಿಸಲಿಲ್ಲ. ಅರ್ಧ ಗಂಟೆಗೊಮ್ಮೆ ನೋಡುತ್ತಾ ಬಂದರು. 2:15ಕ್ಕೆ ಆಕೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದರು. ಫ್ಯಾನಿನ ಗಾಳಿಗೆ ಚಳಿ ಎಂದರು ಗಂಡ. ಕೈ ಮುಟ್ಟಿದರೆ ಬೆರಳ ತುದಿಗಳು ತಣ್ಣಗೆ, ಹಲ್ಲು ಕಟಕಟ ಎನ್ನುತ್ತಿತ್ತು. ನಾಡಿ 118, ಉಸಿರು 24, ರಕ್ತದೊತ್ತಡ 104/64, ಮೈ ಶಾಖ 100.2. ಬಿಸಿನೀರಿನ ಚೀಲದಿಂದ ಮೈ ಬೆಚ್ಚಗಾಗಿರಬೇಕು ಎಂದು ಮೈದುನ ಹೇಳಿದರು. ಚೀಲ ಆ ವೇಳೆಗೆ ತಣ್ಣಗಾಗಿತ್ತು. ಅದನ್ನು ತೆಗೆದಿಟ್ಟು ಮತ್ತೆ ಅಳೆದಾಗಲೂ ಅಷ್ಟೇ ಬಂತು. ನೋವು ಮಾತ್ರ ಮೂರು. ಬಂದಾಗಿನಿಂದ ಎರಡೂವರೆ ಗಂಟೆಯಲ್ಲಿ ಮತ್ತೆ ಮೂತ್ರ ಹೋಗಿರಲಿಲ್ಲ.

ವೈದ್ಯರಿಗೆ ಹೋದ ಫೋನಿನ ಮಾತು ಕಡತದಲ್ಲಿದೆ. ಅದನ್ನು ಇಲ್ಲಿ ಕೊಡುವುದು ಅಗತ್ಯ: ‘ಸರ್, ಎಡ ಪಕ್ಕೆ ನೋವಿನ 42 ವರ್ಷದ ಸಕ್ಕರೆ ಕಾಯಿಲೆಯವರು. ನೋವು ಒಂಬತ್ತರಿಂದ ಮೂರಕ್ಕೆ ಇಳಿದಿದೆ. ಆದರೆ ನಾಡಿ 118ಕ್ಕೆ ಏರಿದೆ, ಒತ್ತಡ 148ರಿಂದ 104ಕ್ಕೆ ಬಂದಿದೆ, ನಡುಕ ಬಂದಿದೆ. ಜ್ವರ ಇಳಿಸುವ ಎರಡು ಔಷಧ ಒಳಗಿದ್ದೂ 100.2 ಇದೆ. ಮೂತ್ರದಲ್ಲಿ ಬಿಳಿ ರಕ್ತಕಣ ಇತ್ತು. ಕಟ್ಟಿಕೊಂಡ ಕಿಡ್ನಿಗೆ ಸೋಂಕು ತಗುಲಿದೆ ಎಂಬ ಅನುಮಾನ. ಈಗಲೇ ಬಂದು ನೋಡಿ.’ ‘ರೋಗಿಗೆ ಸ್ವಲ್ಪ ಚಳಿಯಂತೆ ಸರ್’ ಎಂದಿದ್ದರೆ ಪ್ಯಾರಾಸಿಟಮಾಲ್ ಕೊಡಿ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಬದಲಾದ ಅಂಕಿಗಳನ್ನು ಜೊತೆಜೊತೆಗೆ ಇಟ್ಟು ಹೇಳಿದ್ದರಿಂದ ವೈದ್ಯರು ಕೂಡಲೇ ಬಂದರು.

ಮುಂದಿನದು ಬೇಗ ನಡೆಯಿತು. ಮೊದಲು ರೋಗಾಣುವನ್ನು ಬೆಳೆಸಿ ಗುರುತಿಸುವ ರಕ್ತ ಮತ್ತು ಮೂತ್ರದ ಕಲ್ಚರ್‌ಗೆ ಮಾದರಿ, ಆಮೇಲೆ ಆಂಟಿಬಯೋಟಿಕ್. ಈ ಕ್ರಮ ತಪ್ಪಬಾರದು, ಆದರೆ ಮಾದರಿಗಾಗಿ ಔಷಧ ತಡವಾಗಲೂ ಬಾರದು. ಮೂತ್ರಕೋಶಕ್ಕೆ ಕೊಳವೆ (ಕ್ಯಾಥೆಟರ್) ಹಾಕಿ ಗಂಟೆ ಗಂಟೆಯ ಮೂತ್ರ ಅಳೆಯಲು ಶುರು ಮಾಡಿದರು. ರಕ್ತದೊತ್ತಡಕ್ಕಾಗಿ ಡ್ರಿಪ್ ಈಗ ನಿಜಕ್ಕೂ ಜೋರಾಗಿ ಹೋಯಿತು. ಕಲ್ಲು ತಳ್ಳುವುದಕ್ಕೆ ಬೇಡವಾದ ದ್ರವ, ಸೋಂಕಿನಿಂದ ಕುಸಿಯುವ ಒತ್ತಡಕ್ಕೆ ಬೇಕೇ ಬೇಕು; ಈ ಬದಲಾವಣೆಯನ್ನು ಮನೆಯವರಿಗೆ ಬಿಡಿಸಿ ಹೇಳದಿದ್ದರೆ ‘ಮೊದಲು ಬೇಡ ಎಂದಿರಿ, ಈಗ ನೀವೇ ಬಿಡುತ್ತಿದ್ದೀರಿ’ ಎಂಬ ಅಪನಂಬಿಕೆ ಹುಟ್ಟುತ್ತದೆ. ಹೇಳಿದರು. ರಕ್ತದಲ್ಲಿ ಬಿಳಿ ರಕ್ತಕಣ 18,400, ಕ್ರಿಯಾಟಿನಿನ್ 1.6, ಎರಡೂ ಇರಬೇಕಾದದ್ದಕ್ಕಿಂತ ಹೆಚ್ಚು. ಡೈಕ್ಲೋಫಿನಾಕ್ ಮತ್ತೆ ಕೊಡದಿದ್ದುದು ಎಷ್ಟು ಒಳ್ಳೆಯದಾಯಿತು ಎಂಬುದು ಆಗ ಅಂಕಿಯಲ್ಲೇ ಕಂಡಿತು. ಮೆಟ್‌ಫಾರ್ಮಿನ್ ನಿಲ್ಲಿಸಿ ಇನ್ಸುಲಿನ್‌ಗೆ ಬದಲಿಸಿದರು. ಸ್ಕ್ಯಾನಿನಲ್ಲಿ ಎಡ ಮೂತ್ರಪಿಂಡ ಉಬ್ಬಿತ್ತು, ಮೂತ್ರನಾಳದ ಮೇಲ್ಭಾಗದಲ್ಲಿ 8 ಮಿಲಿಮೀಟರ್ ಕಲ್ಲು.

ಸೋಂಕಿರುವ ಮೂತ್ರಪಿಂಡ ಕಟ್ಟಿಕೊಂಡಾಗ ಆಂಟಿಬಯೋಟಿಕ್ ಒಂದರಿಂದಲೇ ಕೆಲಸ ಆಗದು. ಒಳಗೆ ನಿಂತ ಕೀವು ಹೊರಬರಲು ದಾರಿ ಬೇಕು. ಆ ಹೊತ್ತಿನಲ್ಲಿ ಕಲ್ಲು ಒಡೆಯಲು ಹೋಗುವುದಿಲ್ಲ. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆ ಇಡುತ್ತಾರೆ, ಅಥವಾ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ಸಣ್ಣ ಕೊಳವೆ ಹಾಕುತ್ತಾರೆ. ಮೂತ್ರರೋಗ ತಜ್ಞರಿರುವ ಆಸ್ಪತ್ರೆಗೆ 108 ಆಂಬ್ಯುಲೆನ್ಸ್‌ನಲ್ಲಿ ಕಳುಹಿಸಲಾಯಿತು. ಹೊರಡುವಾಗ ಮೈ ಶಾಖ 102.4 ಮುಟ್ಟಿತ್ತು. ಜೊತೆಗೆ ಹೋದ ಚೀಟಿಯಲ್ಲಿ ಎಲ್ಲ ಔಷಧಗಳ ಹೊತ್ತು, ಹಳ್ಳಿಯ ಸೂಜಿಯದೂ ಸೇರಿ, ಬರೆದಿತ್ತು. ಬೆಳಿಗ್ಗೆ ಸ್ಟೆಂಟ್ ಇಟ್ಟಾಗ ಗಸಿಗಸಿಯಾದ ಮೂತ್ರ ಬಂತು. ಕಲ್ಚರ್‌ನಲ್ಲಿ ಬೆಳೆದದ್ದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು.

ಮನೆಗೆ ಹೋದ ಮೇಲೆ

ಆಕೆ ವಾರದ ನಂತರ ನಮ್ಮಲ್ಲಿಗೆ ಸಕ್ಕರೆ ತೋರಿಸಲು ಬಂದಾಗ ಇನ್ನೊಂದು ದೂರು ತಂದಿದ್ದರು: ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆತ, ಪದೇ ಪದೇ ಅವಸರ, ಒಮ್ಮೊಮ್ಮೆ ಮೂತ್ರ ಕೆಂಪು. ಕಲ್ಲು ಮತ್ತೆ ಬಂತೇನೋ ಎಂಬ ಭಯ. ಸ್ಟೆಂಟ್ ಇರುವಷ್ಟು ದಿನ ಇದು ಸಾಮಾನ್ಯ ಎಂದು ಮೊದಲೇ ಹೇಳಿದ್ದರೆ ಆ ಭಯ ಇರುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ಮಾತು, ಸ್ಟೆಂಟ್ ತೆಗೆಸಲೇಬೇಕು. ನೋವು ಹೋಯಿತೆಂದು ಮರೆತವರಲ್ಲಿ ಅದರ ಮೇಲೆಯೇ ಕಲ್ಲು ಕಟ್ಟಿಕೊಂಡು ಮೂತ್ರಪಿಂಡವೇ ಹಾಳಾಗಬಹುದು. ತೆಗೆಸುವ ದಿನಾಂಕವನ್ನು ಗಂಡನ ಮೊಬೈಲ್‌ನಲ್ಲೂ ಮಗಳ ಮೊಬೈಲ್‌ನಲ್ಲೂ ಹಾಕಿಸಿದೆವು.

ಆಕೆಯ ಪ್ರಶ್ನೆಗಳು ನಮ್ಮ ಕಡೆಯ ಎಲ್ಲರ ಪ್ರಶ್ನೆಗಳು. ಬೋರ್‌ವೆಲ್ ನೀರಿನಿಂದಲೇ ಕಲ್ಲಾಯಿತೇ? ಗಡಸು ನೀರಿಗಿಂತ ಕುಡಿಯದೆ ಇದ್ದ ನೀರಿನ ತಪ್ಪೇ ದೊಡ್ಡದು. ಟೊಮ್ಯಾಟೊ ಬಿಡಬೇಕೇ? ಬೇಡ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಆಕ್ಸಲೇಟ್ ಎಂಬ ಅಂಶ ನಿಜವಾಗಿ ಹೆಚ್ಚಿರುವುದು ಪಾಲಕ್‌ನಂಥ ಸೊಪ್ಪಿನಲ್ಲಿ. ಸೊಪ್ಪಿನ ಸಾರು ಉಂಡ ದಿನ ಜೊತೆಗೆ ಮಜ್ಜಿಗೆ ಇರಲಿ, ಏಕೆಂದರೆ ಹಾಲು ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಬಿಡುವುದು ತಿರುಗುಬಾಣ. ಉಪ್ಪು ಮತ್ತು ಉಪ್ಪಿನಕಾಯಿ ಕಡಿಮೆ ಮಾಡಬೇಕು. ಬಾಳೆದಿಂಡಿನ ಪಲ್ಯ, ಹುರುಳಿಯ ಸಾರು ಊಟದಲ್ಲಿ ಇರಲಿ, ಅಡ್ಡಿಯಿಲ್ಲ. ಪಕ್ಕೆ ನೋವಿನ ಜೊತೆ ಚಳಿ ಜ್ವರ ಬಂದರೆ ಅಥವಾ ಮೂತ್ರ ನಿಂತರೆ ಮಾತ್ರ ಬಾಳೆದಿಂಡಿನ ರಸ ಕುಡಿಯುತ್ತಾ ಒಂದು ಗಳಿಗೆಯೂ ಮನೆಯಲ್ಲಿ ಕೂರಬಾರದು.

ನೀರಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಎಂದಾಗ ಆಕೆ ನಕ್ಕು, ‘ಕುಡಿದರೆ ಎಲ್ಲಿಗೆ ಹೋಗಲಿ ಸಿಸ್ಟರ್?’ ಎಂದರು. ಹೊಲದಲ್ಲಿ ಮರೆಯಿಲ್ಲ, ಕಾಯಿ ಕೀಳುವ ದಿನ ಗಂಡಾಳುಗಳು ಸುತ್ತ ಇರುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ನೀರು ಹೆಚ್ಚು ಕುಡಿಯಿರಿ ಎಂಬ ಸಲಹೆಯನ್ನು ನಾವು ಎಷ್ಟು ಹಗುರವಾಗಿ ಕೊಡುತ್ತೇವೆ! ಶೌಚಕ್ಕೆ ಜಾಗ ಇಲ್ಲದ ಹೆಂಗಸಿಗೆ ಅದು ಸಲಹೆಯೇ ಅಲ್ಲ. ಗಂಡನನ್ನು ಒಳಗೆ ಕರೆದು ಈ ಮಾತನ್ನು ಅವರ ಮುಂದೆಯೇ ಆಡಿಸಿದೆವು. ಪಂಪ್‌ಸೆಟ್ಟಿನ ಕೋಣೆಯ ಹಿಂದೆ ಶೀಟು ಕಟ್ಟಿ ಮರೆ ಮಾಡಿಸುವುದಾಗಿ ಅವರು ಒಪ್ಪಿಕೊಂಡರು.

ಇಪ್ಪತ್ತನಾಲ್ಕು ಗಂಟೆಯ ಮೂತ್ರದ ಪರೀಕ್ಷೆ ಅವರ ಕೈಗೆ ಎಟುಕುವಂತಿರಲಿಲ್ಲ. ಬದಲಿಗೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿಯಿಂದ ಒಂದು ದಿನದ ಮೂತ್ರವನ್ನು ಅಳೆಯಲು ಹೇಳಿಕೊಟ್ಟೆವು. ಮೊದಲ ಸಲ ಒಂದು ಬಾಟಲಿಯೂ ತುಂಬಲಿಲ್ಲ. ಸೋಂಕು ಪೂರ್ತಿ ಹೋದ ಮೇಲೆ ಕಲ್ಲನ್ನು ಲೇಸರ್‌ನಿಂದ ಪುಡಿ ಮಾಡಿ ತೆಗೆದರು, ಸ್ಟೆಂಟನ್ನೂ ತೆಗೆದರು. ಕಲ್ಲಿನ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಆಮೇಲಿನ ಭೇಟಿಯಲ್ಲಿ ಕ್ರಿಯಾಟಿನಿನ್ 0.9 ಇತ್ತು, ಬಾಟಲಿಯ ಲೆಕ್ಕ ಸುಮಾರು ಎರಡು ಲೀಟರ್. ಎರಡೂವರೆ ಮುಟ್ಟಿಸಬೇಕು ಎಂದು ಬರೆದುಕೊಟ್ಟು, ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಗೆ ದಿನ ಗೊತ್ತು ಮಾಡಿ ಕಳುಹಿಸಿದೆವು.